ಡೈರೆಕ್ಟಣ್ಣ

ಅವರ ನಿಜವಾದ ಹೆಸರು ರೇಷನ್ ಕಾರ್ಡಿಗಷ್ಟೇ ಗೊತ್ತು. ಅಂತರಘಟ್ಟೆಯ ಟೀ ಅಂಗಡಿ ಬೆಂಚಿನಿಂದ ಅಜ್ಜಂಪುರದ ಈರುಳ್ಳಿ ಮಂಡಿಯವರೆಗೂ ಅವರು ಡೈರೆಕ್ಟಣ್ಣ. ಪಂಪ್‌ಸೆಟ್ಟಿನ ಸ್ಟಾರ್ಟರ್ ಕೈಕೊಟ್ಟರೆ ಡೈರೆಕ್ಟು, ಟ್ರ್ಯಾಕ್ಟರಿನ ಕೀ ಕಳೆದರೆ ಡೈರೆಕ್ಟು. ಒಮ್ಮೆ ಮದುವೆ ಮನೆಯ ಸೀರಿಯಲ್ ಸೆಟ್ಟಿಗೂ ಡೈರೆಕ್ಟ್ ಕೊಟ್ಟರು. ಅವತ್ತು ಓಲಗದವರು ಕತ್ತಲಲ್ಲೇ ಗಟ್ಟಿಮೇಳ ಊದಿದರು. ಕಿವಿಯ ಮೇಲೆ ಟೆಸ್ಟರ್, ಜೇಬಿನಲ್ಲಿ ಸೈಕಲ್ ಟ್ಯೂಬಿನ ಪಟ್ಟಿ. ಇನ್ಸುಲೇಷನ್ ಟೇಪೆಂದರೆ ತಾತ್ಸಾರ. "ಟೇಪು ಅಂಟು ಬಿಡ್ತೈತೆ. ಟ್ಯೂಬು ನಾವು ಸತ್ರೂ ಬಿಡಲ್ಲ."

ಈ ಮಾಗಿಯಲ್ಲಿ ನನ್ನ ಹಳೆಯ ಪುಟ್ಟ ಗೂಡ್ಸ್ ಗಾಡಿಯ ರೇಡಿಯೇಟರ್ ಫ್ಯಾನು ನಿಲ್ಲುವುದನ್ನೇ ಮರೆತಿತ್ತು. ಮಂಜು ಬೀಳುವ ಬೆಳಗಿನಲ್ಲೂ ಕೀ ತಿರುಗಿಸಿದರೆ ಸಾಕು, ಗುಂಯ್! ಹೆಡ್‌ಲೈಟ್ ಹಾಕಿದರೆ ಬುಡ್ಡಿದೀಪದ ಬೆಳಕು. ದುರ್ಗಾಂಬಾ ಜಾತ್ರೆಗೆ ಸುತ್ತಮುತ್ತಲ ಊರುಗಳ ಎತ್ತಿನ ಗಾಡಿಗಳು ಪಾನಕ ಹೊತ್ತು ಓಡಿ ಬರುವ ಊರಿನಲ್ಲಿ ಬ್ಯಾಟರಿ ಇಳಿದ ನನ್ನ ಗಾಡಿಯನ್ನು ನಾಲ್ಕು ಜನ ತಳ್ಳಬೇಕಿತ್ತು. (ಪಕ್ಕದ ಅಜ್ಜಂಪುರದಲ್ಲೇ ಅಮೃತ ಮಹಲ್ ರಾಸುಗಳ ತಳಿ ಕೇಂದ್ರವಿದೆ. ಆ ಎತ್ತುಗಳಿಗೆ ವೈರಿಲ್ಲ, ಬುದ್ಧಿ ಇದೆ.)

ಡೈರೆಕ್ಟಣ್ಣ ಬಂದವರೇ ಗಾಡಿಯ ಮೂತಿಗೆ ಕಿವಿಯಿಟ್ಟರು. ಮೊದಲು "ವಾಟರ್ ಪಂಪು" ಅಂದರು. ಟೀ ಕುಡಿದು "ಹೆಡ್ ಗ್ಯಾಸ್ಕೆಟ್ಟು" ಅಂದರು. ಎರಡನೇ ಟೀಗೆ "ದೃಷ್ಟಿ ಆಗೈತೆ ತಮ್ಮ, ನಿಂಬೆಹಣ್ಣು ಕಟ್ಟು" ಎಂದರು.

ಐಟಿಐ ಓದುವ ನನ್ನ ತಂಗಿಯ ಮಗ ಅಲ್ಲೇ ನಿಂತಿದ್ದ. "ಮಾವಾ, ನೀರು 90 ಡಿಗ್ರಿ ಆಸುಪಾಸಿಗೆ ಬಂದಾಗ ಥರ್ಮೋ ಸ್ವಿಚ್ಚು ರಿಲೇಗೆ ಹೇಳ್ತದೆ, ರಿಲೇ ಫ್ಯಾನಿಗೆ ಕರೆಂಟ್ ಬಿಡ್ತದೆ. ಸ್ವಿಚ್ಚಿನ ಸಾಕೆಟ್ ಕಿತ್ತಾಗ ಫ್ಯಾನ್ ನಿಂತ್ರೆ ಸ್ವಿಚ್ಚು ಹೋಗಿದೆ. ಅದಕ್ಕೂ ನಿಲ್ಲದೆ ರಿಲೇ ಕಿತ್ತಾಗ ನಿಂತ್ರೆ ರಿಲೇ ಪಾಯಿಂಟು ಅಂಟ್ಕೊಂಡಿರಬೋದು."

"ಅವೆಲ್ಲ ಪುಸ್ತಕದ ಬದನೇಕಾಯಿ."

ಹುಡುಗ ಸಾಕೆಟ್ ಕಿತ್ತ. ಗುಂಯ್. ರಿಲೇಯನ್ನೇ ಕಿತ್ತು ಅಂಗೈ ಮೇಲಿಟ್ಟುಕೊಂಡ. ಗುಂಯ್.

"ನಾನ್ ಹೇಳ್ಲಿಲ್ವಾ, ದೃಷ್ಟಿ!" ಡೈರೆಕ್ಟಣ್ಣ ಸುತ್ತ ನೆರೆದವರನ್ನು ನೋಡಿದರು. ಒಬ್ಬ ನಿಂಬೆಹಣ್ಣು ತರಲು ಹೊರಟೇಬಿಟ್ಟ.

ಹುಡುಗ ಮಾತಾಡದೆ ಗಾಡಿಯ ಅಡಿಗೆ ನುಸುಳಿದ. ಹೊರಬಂದಾಗ ಅವನ ಬೆರಳಿಗೆ ಕೆಂಪು ವೈರೊಂದು ಸಿಕ್ಕಿಕೊಂಡಿತ್ತು. ಮನೆಗೆ ಹಾಕುವ ವೈರು. ಕೀ ಲೈನಿನಿಂದ ನೇರ ಫ್ಯಾನಿಗೆ, ನಡುವೆ ಒಂದು ಫ್ಯೂಸೂ ಇಲ್ಲ. ಜಾಯಿಂಟಿನ ಮೇಲೆ ಒತ್ತಾಗಿ, ಚಂದವಾಗಿ ಸುತ್ತಿದ ಸೈಕಲ್ ಟ್ಯೂಬಿನ ಪಟ್ಟಿ.

ಹೋದ ಈರುಳ್ಳಿ ಸೀಸನ್ನಿನಲ್ಲಿ ಲೋಡು ಹೊತ್ತ ಗಾಡಿ ಕುದಿದು ನಿಂತದ್ದು, ನಾನು ಟೀ ತರುವಷ್ಟರಲ್ಲಿ ರಿಪೇರಿ ಮುಗಿಸಿದ ಮನುಷ್ಯ "ನಮ್ಮೂರ ಹುಡುಗ ನೀನು" ಎಂದು ಕೊಟ್ಟ ಐವತ್ತು ರೂಪಾಯಿಯನ್ನೂ ವಾಪಸ್ ಮಾಡಿದ್ದು, ಎಲ್ಲ ಒಟ್ಟಿಗೇ ನೆನಪಾಯಿತು. ಯಾರೂ ಉಸಿರೆತ್ತಲಿಲ್ಲ. ಡೈರೆಕ್ಟಣ್ಣ ಕನ್ನಡಕ ಏರಿಸಿ, ವೈರನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಯಾವನೋ ಅರೆಬರೆ ಕಲ್ತೋನು ಡೈರೆಕ್ಟ್ ಕೊಟ್ಟವ್ನೆ," ಎಂದರು. ಆಮೇಲೆ ಜಾಯಿಂಟನ್ನು ಎರಡು ಸಲ ಜಗ್ಗಿ, "ಆದ್ರೆ ಕಟ್ಟಿರೋದು ಮಾತ್ರ ಭಾಳ ಗಟ್ಟಿಯಾಗ್ ಕಟ್ಟವ್ನೆ."