ಹೆಂಡತಿಯ ವೀಸಾ, ಗಂಡನ ಪೊರಕೆ

ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಒಂದು ವರ್ಷ ಇದ್ದು ಬಂದೆ ಅಂದರೆ ಸಾಕು, ಎಲ್ಲರೂ ಮೊದಲು ಕೇಳುವುದು "ಯಾವ ಕಂಪನಿ ಸಾರ್?" ಎಂದು. ಕಂಪನಿ ನನ್ನ ಹೆಂಡತಿಯದು. ಅದು ಕಾರು ತಯಾರಿಸುವ ಊರು. ಕಾರಿನೊಳಗಿನ ಸಾಫ್ಟ್‌ವೇರ್ ಬರೆಯುವವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ಹಾಗೆ ಬರೆಯುತ್ತಿದ್ದ ಇವಳನ್ನು 2023ರಲ್ಲಿ ಒಂದು ವರ್ಷದ ಮಟ್ಟಿಗೆ ಅಲ್ಲಿಗೇ ಕರೆಸಿಕೊಂಡರು. ಮಗಳು ಹಾಸ್ಟೆಲಿನಲ್ಲಿದ್ದಳು. ಮೈಸೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ಸಂಬಳವಿಲ್ಲದ ರಜೆಗೆ ಅರ್ಜಿ ಕೊಟ್ಟೆ. ಪ್ರಾಂಶುಪಾಲರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಅಲ್ಲಿ ನೀವೇನ್ ಮಾಡ್ತೀರಿ ಮೇಷ್ಟ್ರೇ?" ಎಂದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲಿಗೆ ಹೋದ ಸ್ವಲ್ಪ ದಿನಕ್ಕೆ ಉತ್ತರ ತಾನಾಗಿಯೇ ಬಂದು ನಮ್ಮ ಬಾಗಿಲಿನ ಹಿಡಿಗೆ ನೇತುಬಿತ್ತು.

ಅದೊಂದು ಪುಟ್ಟ ಹಲಗೆ. ಮೇಲೆ 'ಕೇರ್‌ವೋಖೆ' ಎಂದು ಬರೆದಿತ್ತು. ಆ ಹಲಗೆ ಯಾರ ಬಾಗಿಲಿಗೆ ಬರುತ್ತದೋ, ಕಟ್ಟಡದ ಮೆಟ್ಟಿಲು, ನೆಲಮಾಳಿಗೆ, ಮುಂದಿನ ಕಾಲುದಾರಿ ಎಲ್ಲವನ್ನೂ ಆ ವಾರ ಗುಡಿಸುವ ಸರದಿ ಅವರದು. ವಾರ ಮುಗಿದ ಮೇಲೆ ಹಲಗೆಯನ್ನು ಪಕ್ಕದ ಮನೆಯ ಬಾಗಿಲಿಗೆ ತಗುಲಿಸಿ ಕೈತೊಳೆದುಕೊಳ್ಳಬೇಕು. ಈ ಪದ್ಧತಿಯ ಬೇರು 1492ರ ಸ್ಟಟ್‌ಗಾರ್ಟ್ ನಗರ ಕಟ್ಟಳೆಯಲ್ಲಿದೆಯಂತೆ. ಕೊಲಂಬಸ್ ಭಾರತ ಹುಡುಕಲು ಹೊರಟದ್ದೂ ಅದೇ ವರ್ಷ. ಅವನಿಗೆ ಭಾರತ ಸಿಗಲಿಲ್ಲ, ಇವರಿಗೆ ನಾನು ಸಿಕ್ಕೆ. ನಗರಾಡಳಿತ ಈ ನಿಯಮವನ್ನು 1988ರಲ್ಲೇ ಕೈಬಿಟ್ಟಿತು. ಆದರೆ ಬಾಡಿಗೆ ಕರಾರು ಬರೆಯುವವರು ಬಿಡಲಿಲ್ಲ, ಕೆಳಗಿನ ಮನೆಯ ಅಜ್ಜಿಯಂತೂ ಬಿಡುವ ಪೈಕಿಯೇ ಅಲ್ಲ.

ನಾನು ಗುಡಿಸುವುದನ್ನು ಹೆಂಡತಿ ವಿಡಿಯೋ ಕಾಲ್ ಮಾಡಿ ಮೈಸೂರಿಗೆ ತೋರಿಸಿದಳು. ಅಮ್ಮ "ನಮ್ಮನೇಲಿ ಒಂದಿನ ಪೊರಕೆ ಮುಟ್ಟಿದವನಲ್ಲ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ಅತ್ತಿಗೆ, "ಅಳಬೇಡಿ ಅತ್ತೆ, ಮೂಲೆ ಮೂಲೆ ಹೆಂಗೆ ಗುಡಿಸ್ತಿದಾರೆ ನೋಡಿ. ಬರಲಿ, ಇಲ್ಲೂ ಇಟ್ಕೊಳೋಣ" ಎಂದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಡಿಸೆಂಬರ್‌ನಲ್ಲಿ ಎರಡನೇ ಸಲವೋ ಮೂರನೇ ಸಲವೋ ಹಲಗೆ ಬಂದಾಗ ನನ್ನೊಳಗಿನ ಮೈಸೂರಿನವನು ಎದ್ದು ಕೂತ. ಬರೀ ಗುಡಿಸಿದರೆ ಅದೂ ಒಂದು ಶುದ್ಧಿಯೇ? ಬಾಗಿಲಿಗೆ ನೀರು ಹಾಕದ ಮನೆ ಮನೆಯೇ? "ಬೇಡ ರೀ, ಚಳಿ" ಎಂದಳು ಹೆಂಡತಿ. ಚಳಿ ನನಗೆ ತಾನೇ, ನೆಲಕ್ಕೇನು ಎಂದುಕೊಂಡು ಸಂಜೆ ಎರಡು ಬಕೆಟ್ ನೀರು ಎರಚಿ ತೊಳೆದೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಾಲುದಾರಿ ಫಳಫಳ ಹೊಳೆಯುತ್ತಿತ್ತು. ಈ ಹೊಳಪನ್ನು ಅಜ್ಜಿ ನೋಡಲೇಬೇಕು ಎಂದು ಹೆಮ್ಮೆಯಿಂದ ಎರಡು ಹೆಜ್ಜೆ ಇಟ್ಟೆ. ಮೂರನೆಯದನ್ನು ಇಡುವ ಅಗತ್ಯ ಬೀಳಲಿಲ್ಲ, ನಾನೇ ಸಾಗಿದೆ. ಅಲ್ಲಿ ಮನೆಮುಂದಿನ ಮಂಜಿನ ಮೇಲೆ ದಾರಿಹೋಕರು ಜಾರಿ ಕೈಕಾಲು ಮುರಿದುಕೊಂಡರೆ ಹೊಣೆ ಮನೆಯವರ ತಲೆಗೆ ಬರುತ್ತದೆ. ಹಾಗಾಗಿ ಅಜ್ಜಿ ಒಂದು ಬಕೆಟ್ ಕಲ್ಲಿನ ಪುಡಿ ಹಿಡಿದು ಬಂದು, ಅಂಗಾತ ಬಿದ್ದಿದ್ದ ನನ್ನ ಸುತ್ತಲೂ ನೀಟಾಗಿ ಚೆಲ್ಲಿದರು. ನಾನು ಎದ್ದ ಮೇಲೆ, ನಾನಿದ್ದ ಆಕಾರ ಖಾಲಿ ಉಳಿದಿತ್ತು. ಅದನ್ನೂ ತುಂಬಿಸಿದರು. ಒಂದು ಮಾತೂ ಆಡಲಿಲ್ಲ. ಆಡಬೇಕಾದ್ದನ್ನೆಲ್ಲ ಮನೆಯೊಳಗೆ ಇನ್ನೊಬ್ಬಳು ಆಡಿದಳು, ಅದೂ ಮೆತ್ತಗೆ.

ಮೆತ್ತಗೆ ಏಕೆಂದರೆ ಆ ದೇಶದಲ್ಲಿ ಜಗಳಕ್ಕೆ ವೇಳಾಪಟ್ಟಿ ಇದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು. ಭಾನುವಾರ ಇಡೀ ದಿನ ಮಾಡಬಾರದು. ಅವತ್ತು ಅಂಗಡಿಗಳೂ ಮುಚ್ಚಿರುತ್ತವೆ. ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ತೊಟ್ಟಿಗೆ ಹಾಕುವುದಕ್ಕೂ ಸೋಮವಾರದವರೆಗೆ ಕಾಯಬೇಕು, ಠಣ್ ಎನ್ನುತ್ತದಲ್ಲ! ಭಾನುವಾರದ ದೋಸೆಗೆ ಚಟ್ನಿಯನ್ನು ನಾವು ಶನಿವಾರವೇ ರುಬ್ಬಿಡುತ್ತಿದ್ದೆವು. ಜಗಳವನ್ನು ಹಾಗೆ ಮೊದಲೇ ರುಬ್ಬಿಡಲು ಬರುವುದಿಲ್ಲ.

ಮೈಸೂರಿನಲ್ಲಿ ನಮ್ಮ ಜಗಳಕ್ಕೆ ಒಂದು ಭದ್ರವಾದ ವ್ಯವಸ್ಥೆ ಇದೆ. ಅಮ್ಮ ಸೊಸೆಯ ಪಕ್ಷ, ಮಗಳು ಅವಳಮ್ಮನ ಪಕ್ಷ, ಎದುರುಮನೆಯವರು ಯಾರು ಕಾಫಿ ಕೊಟ್ಟರೋ ಅವರ ಪಕ್ಷ. ನಡುವೆ ಹೂವಿನವಳು ಕೂಗಿದರೆ ವಿರಾಮ. ಸೋತರೂ ನನಗೆ ಎದ್ದು ಹೋಗುವುದಕ್ಕೆ ಒಂದು ಬೀದಿ, ಬೀದಿಯ ಕೊನೆಯಲ್ಲಿ ಒಂದು ಹೋಟೆಲು, ಅಲ್ಲಿ ನನ್ನಂತೆಯೇ ಸೋತು ಬಂದ ಇಬ್ಬರು ಸ್ನೇಹಿತರು. ಸ್ಟಟ್‌ಗಾರ್ಟ್‌ನಲ್ಲಿ ವಾದಿ, ಪ್ರತಿವಾದಿ, ಸಾಕ್ಷಿ, ನ್ಯಾಯಾಧೀಶ ಎಲ್ಲ ನಾವಿಬ್ಬರೇ. ಅದರಲ್ಲೂ ಪಿಸುದನಿ. "ನಿಮ್ಮಪ್ಪ ಏನ್ ಮಾಡಿದ್ರು ಅಂತ ಗೊತ್ತಿಲ್ವಾ ನಂಗೆ" ಎಂಬ ಮಾತನ್ನು ಕಿವಿಯ ಹತ್ತಿರ ಬಂದು ಪಿಸುಗುಟ್ಟಿ ನೋಡಿ, ಅದು ಸರಸದ ಹಾಗೆ ಕೇಳಿಸಿ ಇಡೀ ಮೊಕದ್ದಮೆಯೇ ಕೆಟ್ಟುಹೋಗುತ್ತದೆ. ಸೋಮವಾರಕ್ಕೆ ಮುಂದೂಡೋಣ ಎಂದರೆ ಅಷ್ಟರಲ್ಲಿ ನನಗೆ ವಿಷಯವೇ ಮರೆತಿರುತ್ತಿತ್ತು. ಅವಳಿಗೆ ಮರೆತಿರುತ್ತಿರಲಿಲ್ಲ.

ನನಗೂ ಅಲ್ಲಿ ಸಂಪಾದನೆ ಇತ್ತು ಎಂಬುದನ್ನು ದಾಖಲೆಗಾಗಿ ಹೇಳಿಬಿಡುತ್ತೇನೆ. ನೀರಿನ ಪ್ಲಾಸ್ಟಿಕ್ ಬಾಟಲಿ ಕೊಂಡರೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ತಿನ್ನಿಸಿದರೆ ಚೀಟಿ ಬರುತ್ತದೆ. ಮೊದಲ ಸಲ ಒಂದು ಚೀಲ ತುಂಬ ಬಾಟಲಿ ಹೊತ್ತು ಹೋದೆ. ನಮ್ಮ ರೈಲುಗಳಲ್ಲಿ ಬಾಟಲಿಯನ್ನು ನಜ್ಜುಗುಜ್ಜು ಮಾಡಿ ಬಿಸಾಡಿ ಎಂದು ಓದಿ ಓದಿ ಬೆಳೆದವನು, ಒಂದೊಂದನ್ನೂ ಶಿಸ್ತಾಗಿ ತುಳಿದು ಚಪ್ಪಟೆ ಮಾಡಿಕೊಂಡಿದ್ದೆ. ಯಂತ್ರಕ್ಕೆ ಬಾಟಲಿಯ ಮೇಲಿನ ಗೀಟುಗಳನ್ನು ಓದಲಾಗದೆ ಒಂದೊಂದನ್ನೂ ಹೊರಕ್ಕೆ ಉಗುಳಿತು. ಹಿಂದೆ ಸಾಲು ಬೆಳೆಯಿತು. ನಾನು ಪಕ್ಕಕ್ಕೆ ಕೂತು ಬಾಯಿಂದ ಊದಿ ಊದಿ ಬಾಟಲಿಗಳನ್ನು ಮೊದಲಿನ ರೂಪಕ್ಕೆ ತರುತ್ತಿದ್ದಾಗ ಹೆಂಡತಿ ಸೊಪ್ಪಿನ ಕಡೆ ಹೋಗಿ ನನ್ನನ್ನು ಗುರುತೇ ಇಲ್ಲದವಳಂತೆ ಮೂಲಂಗಿ ಆರಿಸುತ್ತಿದ್ದಳು.

ತಿರುಗಾಟದ ವಿಷಯಕ್ಕೆ ಬರುತ್ತೇನೆ. 2023ರ ಮೇ ತಿಂಗಳಲ್ಲಿ ಜರ್ಮನಿ ಒಂದು ಟಿಕೆಟ್ ತಂದಿತ್ತು. ಆಗ ತಿಂಗಳಿಗೆ 49 ಯೂರೋ ಕೊಟ್ಟರೆ ದೇಶದ ಎಲ್ಲ ಸಿಟಿ ಬಸ್ಸು, ಟ್ರಾಮು, ಪ್ಯಾಸೆಂಜರ್ ರೈಲು ಹತ್ತಬಹುದಿತ್ತು. ವೇಗದ ರೈಲು ಮಾತ್ರ ಹತ್ತುವ ಹಾಗಿರಲಿಲ್ಲ. ಕೊಟ್ಟ 49 ಯೂರೋ ವಸೂಲಾಗಬೇಕು ಎಂಬ ಹಟ ನನ್ನದು. ಹಾಗಾಗಿ ನಮ್ಮ ಯುರೋಪ್ ಪ್ರವಾಸವೆಲ್ಲ ಎಲ್ಲ ಹಳ್ಳಿಯಲ್ಲೂ ನಿಂತು ನಿಂತು ಸಾಗಿತು. ಉಲ್ಮ್ ಊರಿನ ಚರ್ಚಿನ ಗೋಪುರ 161 ಮೀಟರಿಗೂ ಎತ್ತರ, ಆಗ ಜಗತ್ತಿನಲ್ಲೇ ಅತಿ ಎತ್ತರದ ಚರ್ಚ್ ಗೋಪುರ, 768 ಮೆಟ್ಟಿಲು. "ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವನು ನಾನು" ಎಂದು ಶುರು ಮಾಡಿದೆ. ಬೆಟ್ಟದಲ್ಲಿ ನಂದಿಯ ಹತ್ತಿರ ಕೂತು ಕಡ್ಲೆಕಾಯಿ ತಿನ್ನಬಹುದು, ಆ ಸುರುಳಿ ಮೆಟ್ಟಿಲಿನಲ್ಲಿ ಕೂತರೆ ಹಿಂದಿನವರೆಲ್ಲ ನಿಲ್ಲಬೇಕು. ನಿಂತರು. ಹೆಚ್ಚಿಗೆ ಹೇಳುವುದಿಲ್ಲ.

ರೈನ್ ಜಲಪಾತ ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ ಬಳಿ ಇದೆ. ಎತ್ತರ 23 ಮೀಟರ್, ಅಗಲ 150 ಮೀಟರ್. ಕನ್ನಡಿಗನಾದವನು ಅದರೆದುರು ನಿಂತು "ಇಷ್ಟೇನಾ? ನಮ್ಮ ಜೋಗ 829 ಅಡಿ" ಎನ್ನದೆ ಹಿಂದಿರುಗಿದರೆ ಅನ್ನ ಅರಗುವುದಿಲ್ಲ. ನಾನು ಬರೀ ಅನ್ನಲಿಲ್ಲ, ಸಾಗರದ ಗೆಳೆಯನಿಗೆ ವಿಡಿಯೋ ಕಾಲ್ ಮಾಡಿ ಅವನ ಬಾಯಿಂದಲೂ ಅನ್ನಿಸಲು ಹೊರಟೆ. ಏಪ್ರಿಲ್ ತಿಂಗಳು. ಅವನು ರೈನ್ ನದಿ ಭೋರ್ಗರೆಯುವುದನ್ನು ಬಾಯಿಬಿಟ್ಟು ನೋಡಿ, "ಈಗ ಜೋಗದಲ್ಲಿ ನೀರೆಲ್ಲಿದೆ ಮಾರಾಯ, ಬಂಡೆ ಒಂದಿಷ್ಟು ಒದ್ದೆ ಆಗಿದೆ ಅಷ್ಟೆ. ನೀರೆಲ್ಲ ಲಿಂಗನಮಕ್ಕಿಯಲ್ಲಿದೆ. ಫೋನು ಇಡಬೇಡ, ಇನ್ನೂ ಸ್ವಲ್ಪ ತೋರಿಸು" ಎಂದ. ತೋರಿಸಿದೆ. ಯುರೋಪಿಯನ್ ಒಕ್ಕೂಟದೊಳಗೆ ದೇಶ ದಾಟಿದರೆ ಮೊಬೈಲಿಗೆ ಹೆಚ್ಚಿನ ದುಡ್ಡಿಲ್ಲ. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಬಿಲ್ಲು ಹೆಂಡತಿಯ ಹೆಸರಿಗೆ ಬಂತು. ಆ ದುಡ್ಡಿನಲ್ಲಿ ಗೆಳೆಯನನ್ನೇ ಸಾಗರದಿಂದ ಕರೆಸಿ ತೋರಿಸಬಹುದಿತ್ತು ಎಂದು ಅವಳ ಲೆಕ್ಕ. ಇದು ಸ್ವಲ್ಪ ಅತಿಯಾಯಿತು.

ಇನ್ನು, ಕನ್ನಡ ಮೇಷ್ಟ್ರು ಸ್ಟಟ್‌ಗಾರ್ಟ್‌ನಲ್ಲಿದ್ದು ಟ್ಯೂಬಿಂಗನ್‌ಗೆ ಹೋಗದಿದ್ದರೆ ಯಾರೂ ಕ್ಷಮಿಸುವುದಿಲ್ಲ. 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕೊನೆಗಾಲದಲ್ಲಿದ್ದು 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ನಾನು ಹೂವು ಹಿಡಿದು, ಯಾರನ್ನೂ ವಿಚಾರಿಸದೆ, ನೇರ ಊರಿನ ಹಳೆಯ ಸ್ಮಶಾನಕ್ಕೆ ನುಗ್ಗಿದೆ. ಒಂದು ಸಮಾಧಿಯ ಮುಂದೆ ಏಳೆಂಟು ಜನ ತಲೆಬಾಗಿ ನಿಂತಿದ್ದರು. ಕಣ್ಣು ತುಂಬಿ ಬಂತು, ಕನ್ನಡಕ್ಕೆ ಇಲ್ಲಿ ಎಂಥ ಗೌರವ! ಹೂವಿಟ್ಟು, ಉದ್ದಂಡ ನಮಸ್ಕಾರ ಮಾಡಿ, ನಿಘಂಟಿನ ಋಣದ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತೂ ಆಡಿದೆ. ನಿಂತವರು ಪ್ರವಾಸಿಗಳು, ಸಮಾಧಿ ಕವಿ ಹೋಲ್ಡರ್ಲೀನನದು. ನೆಕರ್ ನದಿಯ ದಂಡೆಯ ಗೋಪುರವೊಂದರಲ್ಲಿ 36 ವರ್ಷ ಕಳೆದು 1843ರಲ್ಲಿ ತೀರಿಕೊಂಡವನು. ಕಿಟೆಲ್ ಆಗ ಇನ್ನೂ ಹುಡುಗ. ಹೆಂಡತಿ ಕಲ್ಲಿನ ಮೇಲಿನ ಹೆಸರನ್ನು ನಿಧಾನವಾಗಿ ಓದಿ, "ಕವಿಗೆ ನಮಸ್ಕಾರ ಮಾಡಿದ್ರೆ ತಪ್ಪೇನಿಲ್ಲ, ಏಳಿ" ಎಂದಳು.

ಆದರೆ ನಮ್ಮ ವರ್ಷದ ಕಿರೀಟಪ್ರಾಯವಾದ ಪ್ರವಾಸ ಟೆಗರ್ನ್‌ಸೀ ಎಂಬ ಸರೋವರದ್ದು. ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಹೋಗುವ ಆ ರೈಲು ಮೂರು ಗಾಡಿಗಳನ್ನು ಜೋಡಿಸಿ ಹೊರಡುತ್ತದೆ. ಹೋಲ್ಜ್‌ಕಿರ್ಶನ್ ಎಂಬಲ್ಲಿ ಒಂದನ್ನು ಕಳಚಿ ಬೈರಿಶ್‌ಜೆಲ್‌ಗೆ ಕಳಿಸುತ್ತಾರೆ. ಮುಂದೆ ಶಾಫ್ಟ್‌ಲಾಖ್‌ನಲ್ಲಿ ಉಳಿದ ಎರಡೂ ಬೇರೆಯಾಗಿ ಒಂದು ಲೆಂಗ್ರೀಸ್‌ಗೆ, ಒಂದು ಟೆಗರ್ನ್‌ಸೀಗೆ ಹೋಗುತ್ತವೆ. ಇದನ್ನೆಲ್ಲ ರೈಲಿನಲ್ಲಿ ಜರ್ಮನ್ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿದರು. ಆ ಹೊತ್ತಿಗೆ ನಾನು ಜರ್ಮನ್ ಕ್ಲಾಸಿಗೆ ಸೇರಿದ್ದೆನಾದ್ದರಿಂದ ಘೋಷಣೆ ಕೇಳಿಸಿಕೊಳ್ಳುವ ಖಾತೆ ನನ್ನದು. ಟೆಗರ್ನ್‌ಸೀ ಎಂಬ ಹೆಸರು ಕಿವಿಗೆ ಬಿತ್ತು. "ಸರಿಯಾಗಿದೆ" ಎಂದು ಹೆಂಡತಿಗೆ ಭರವಸೆ ಕೊಟ್ಟೆ.

ಹೋಲ್ಜ್‌ಕಿರ್ಶನ್‌ನಲ್ಲಿ ಗಾಡಿ ಕಳಚುವುದನ್ನು ನೋಡಲು ಇಳಿದೆ. ಚಿಕ್ಕಂದಿನಲ್ಲಿ ಅರಸೀಕೆರೆಯಲ್ಲಿ ಎಂಜಿನ್ ಬದಲಿಸುವುದನ್ನು ನೋಡಲು ಇಳಿಯುತ್ತಿದ್ದವನು, ಇಳಿಯದೆ ಇರಲಾದೀತೇ? ಪೀಂಪೀಂ ಎಂದು ಬಾಗಿಲು ಮುಚ್ಚತೊಡಗಿದಾಗ ಹತ್ತಿರ ಸಿಕ್ಕ ಬಾಗಿಲಿಗೆ ಹಾರಿದೆ. ಒಳಗಿನಿಂದ ಅವಳ ಹತ್ತಿರ ನಡೆದು ಹೋಗೋಣವೆಂದರೆ ಎದುರಿಗೆ ಚಾಲಕನ ಕೋಣೆಯ ಗೋಡೆ. ಒಂದೇ ರೈಲು ತಾನೇ ಎಂದು ಕಿಟಕಿಯ ಪಕ್ಕ ಆರಾಮಾಗಿ ಕಾಲು ಚಾಚಿದೆ. ಶಾಫ್ಟ್‌ಲಾಖ್‌ನಲ್ಲಿ ಮತ್ತೆ ಘೋಷಣೆ, ಅದರಲ್ಲೂ ಟೆಗರ್ನ್‌ಸೀ ಇತ್ತು, ಮತ್ತೆ ತಲೆಯಾಡಿಸಿದೆ. ಸ್ವಲ್ಪ ಹೊತ್ತಿಗೆ ಫೋನು ಬಂತು.

"ಎಲ್ಲಿದ್ದೀರಾ?"

"ಇಲ್ಲೇ, ಹಿಂದಿನ ಬೋಗೀಲಿ."

ಅವಳು ತಿರುಗಿ ನೋಡಿರಬೇಕು, ಒಂದು ಗಳಿಗೆ ಸದ್ದಿಲ್ಲ.

"ಹಿಂದೆ ಬೋಗಿ ಇಲ್ಲ ರೀ. ಹಸು ಇದೆ."

ನಾನು ಇಳಿದದ್ದು ಬಾಡ್ ಟ್ಯೋಲ್ಜ್‌ನಲ್ಲಿ. ವಾಪಸ್ಸು ಗಾಡಿಗೆ ಕಾಯಬೇಕು. ಬುತ್ತಿಯಲ್ಲಿ ಚಪಾತಿ ಅವಳ ಚೀಲಕ್ಕೆ, ಚಟ್ನಿಪುಡಿ ನನ್ನ ಜೇಬಿಗೆ ಬಂದಿತ್ತು. ಸ್ಟೇಷನ್ನಿನಲ್ಲಿ ಕೊಂಡ ಉಪ್ಪು ಬ್ರೆಟ್ಸೆಲ್‌ಗೆ ಚಟ್ನಿಪುಡಿ ಉದುರಿಸಿಕೊಂಡು ತಿಂದೆ. ಚೆನ್ನಾಗಿರುತ್ತದೆ, ಬೇಕಾದರೆ ನೀವೂ ನೋಡಿ. ಮಾತಾಡಲು ಯಾರೂ ಇಲ್ಲ, ತಪ್ಪು ಹೊರಿಸಲು ಯಾರೂ ಇಲ್ಲ. ಅಷ್ಟು ಹೊತ್ತೂ ಮನಸ್ಸಿನಲ್ಲೇ ಅವಳ ಕಡೆಯ ವಾದವನ್ನೂ ನಾನೇ ಮಂಡಿಸಿ, ನಾನೇ ಸೋತೆ. ಕೊನೆಗೆ ಟೆಗರ್ನ್‌ಸೀ ತಲುಪಿ ನೋಡಿದರೆ ಅವಳು ನೀರಿನಂಚಿನ ಬೆಂಚಿನಲ್ಲಿ ಕೂತು, ಸೇಬಿನ ಕೇಕು ಮುಗಿಸಿ, ಪುಸ್ತಕ ಓದುತ್ತಿದ್ದಳು. ಭಯವಾಯಿತೇ ಎಂದು ಕೇಳಿದೆ. "ಈ ದೇಶಕ್ಕೆ ಬಂದ್ಮೇಲೆ ಇಷ್ಟು ನೆಮ್ಮದಿಯಾಗಿ ಎಲ್ಲೂ ಕೂತಿರ್ಲಿಲ್ಲ. ಇಷ್ಟು ಬೇಗ ಬಂದ್ಬಿಟ್ರಾ?" ಎಂದಳು.

ಮೈಸೂರಿಗೆ ಮರಳಿದ ಮೇಲೆ ಮನೆತುಂಬ ಜನ. ಟಿವಿಗೆ ಫೋನು ಜೋಡಿಸಿ ಫೋಟೋ ತೋರಿಸಿದ್ದಾಯಿತು. ಒಂದರಲ್ಲಿ ಅವಳು, ಇನ್ನೊಂದರಲ್ಲಿ ನಾನು, ಮತ್ತೆ ಅವಳು, ಮತ್ತೆ ನಾನು. ತೆಗೆಯಲು ಮೂರನೆಯವರು ಬೇಕಲ್ಲ! ನೊಯ್‌ಶ್ವಾನ್‌ಸ್ಟೈನ್ ಅರಮನೆಯ ಎದುರು ಒಬ್ಬ ದಾರಿಹೋಕನ ಕೈಗೆ ಫೋನು ಕೊಟ್ಟಿದ್ದೆವು. ಆ ಪುಣ್ಯಾತ್ಮನ ಚಿತ್ರದಲ್ಲಿ ಅರಮನೆ ಕಳಶದ ಸಮೇತ ಪೂರ್ತಿ ಬಂದಿದೆ, ನಾವಿಬ್ಬರೂ ಹುಬ್ಬಿನಿಂದ ಮೇಲಕ್ಕೆ ಮಾತ್ರ ಇದ್ದೇವೆ.

ಅಮ್ಮ ಎಲ್ಲವನ್ನೂ ನೋಡಿ ಮುಗಿಸಿ ಸೊಸೆಯನ್ನು ಕೇಳಿದರು: "ಜೋಡಿಯಾಗಿ ಒಂದೂ ಇಲ್ವಲ್ಲೇ. ಅಲ್ಲೂ ಜಗಳ ಆಡ್ಕೊಂಡಿದ್ರೇನು?"

"ಅಯ್ಯೋ ಇಲ್ಲ ಅತ್ತೆ, ಆ ದೇಶದಲ್ಲಿ ರಾತ್ರಿ ಹತ್ತರ ಮೇಲೆ ಜಗಳ ಆಡೋ ಹಾಗಿಲ್ಲ."

"ಮತ್ತೆ ಹಗಲು ಹೊತ್ತು?"

"ಹಗಲು ಹೊತ್ತು ಇವರು ಬೇರೆ ಬೋಗೀಲಿ ಇರ್ತಿದ್ರು."