ಮಾರ್ಚ್ ತಿಂಗಳ ಕಪ್

ಕೊಡಿಯಾಲ್‌ಬೈಲಿನ ನಮ್ಮ ಫ್ಲ್ಯಾಟಿನಲ್ಲಿ ಆರ್‌ಸಿಬಿ ಪ್ರತಿವರ್ಷ ಮಾರ್ಚಿನಲ್ಲೇ ಕಪ್ ಗೆಲ್ಲುತ್ತದೆ. ಅದಕ್ಕೆ ಎದುರುಮನೆಯ ಅಣ್ಣನೇ ಹೊಣೆ. 2025ರ ಜೂನ್ 3ಕ್ಕೆ ನಿಜವಾದ ಕಪ್ ಬಂದಾಗ ಅವರು ಹೇಳಿದ್ದು ಇಷ್ಟೆ: ‘ಎರಡು ತಿಂಗಳು ಲೇಟಾಯ್ತು ಮಾರಾಯ.’

ಇವರು 2008ರ ಗಿರಾಕಿ. ಐಪಿಎಲ್‌ನ ಮೊತ್ತಮೊದಲ ಪಂದ್ಯದಲ್ಲಿ ಮೆಕಲಂ ಒಬ್ಬನೇ 158 ಚಚ್ಚಿ, ನಮ್ಮವರೆಲ್ಲ ಸೇರಿ 82ಕ್ಕೆ ಮುಗಿದಾಗಲೂ ‘ಪಿಚ್ ಹೇಗುಂಟು ಅಂತ ನೋಡ್ತಾ ಇದ್ರು’ ಎಂದವರು!

2025ರ ಮಾರ್ಚ್ 22ಕ್ಕೆ ಕೋಲ್ಕತ್ತದಲ್ಲಿ ಗೆದ್ದೆವು. ಅಣ್ಣ ಆಗಲೇ ಪ್ಲೇ-ಆಫ್ ಲೆಕ್ಕ ಹಾಕಿದರು. 28ಕ್ಕೆ ಚೆಪಾಕಿನಲ್ಲಿ ಚೆನ್ನೈಯನ್ನು 50 ರನ್ನಿಂದ ಬಡಿದಾಗ, ಅದೂ ಅಲ್ಲಿ 2008ರ ನಂತರದ ಮೊದಲ ಗೆಲುವು, ಇಡೀ ಮಹಡಿಗೆ ಗೋಳಿಬಜೆ. ಅತ್ತಿಗೆ ಮಾತ್ರ ಪಂದ್ಯ ಮುಗಿಯುವ ತನಕ ಅಡುಗೆಮನೆ ಬಾಗಿಲಲ್ಲೇ ನಿಂತಿರಬೇಕಾಯಿತು. ಅವರು ಕದಲಿದರೆ ವಿಕೆಟ್ ಬೀಳುತ್ತದಂತೆ.

ಏಪ್ರಿಲ್ 2ರಂದು ಚಿನ್ನಸ್ವಾಮಿಯಲ್ಲಿ ಸಿರಾಜ್ ಗುಜರಾತಿನ ಅಂಗಿ ತೊಟ್ಟು ಮೂರು ವಿಕೆಟ್ ಕಿತ್ತ. ‘ಏಳು ಸೀಸನ್ ನಮ್ಮ ಅನ್ನ ಉಂಡವ!’ ಆ ರಾತ್ರಿ ಅಣ್ಣ ಊಟ ಬಿಟ್ಟರು. (ಮರುದಿನ ಎರಡು ಪ್ಲೇಟ್ ನೀರುದೋಸೆ ಹೆಚ್ಚು ತಿಂದರು ಅನ್ನಿ.)

ನಿಜವಾದ ಸಂಕಟ ಶುರುವಾದದ್ದು 10ನೇ ತಾರೀಕು. ಸುರತ್ಕಲ್‌ನಲ್ಲಿ ಬೆಳೆದ ರಾಹುಲ್ ಡೆಲ್ಲಿ ಪರ ಅಜೇಯ 93 ಹೊಡೆದು, ‘ಕಾಂತಾರ’ದ ಶೈಲಿಯಲ್ಲಿ ಬ್ಯಾಟಿನಿಂದ ನೆಲಕ್ಕೆ ಗೆರೆ ಸುತ್ತಿದ. ಅಣ್ಣ ಎದ್ದುನಿಂತು ಚಪ್ಪಾಳೆ ಹೊಡೆದರು, ಕೂತು ತಲೆ ಚಚ್ಚಿಕೊಂಡರು, ಮತ್ತೆ ಎದ್ದರು.

‘ಹೊಡೆದದ್ದು ನಮ್ಮ ಊರಿನವ ಅಲ್ವಾ? ನ್ಯಾಯವಾಗಿ ನಮಗೂ ಒಂದು ಪಾಯಿಂಟ್ ಕೊಡ್ಬೇಕು ಮಾರಾಯ.’