ವಿದ್ಯುದ್ರಥೋದ್ಧಾರ ಮೀಮಾಂಸೆ (ಮೈಸೂರು ಸೀಮೆಗೆ ಮಾತ್ರ)

ಗ್ರಂಥಾರಂಭದಲ್ಲಿ ವಿಘ್ನನಿವಾರಕನನ್ನು ನೆನೆಯುವುದು ವಾಡಿಕೆ. ಈ ಶಾಸ್ತ್ರದ ವಸ್ತುವೇ ವಿಘ್ನ. ಅದು ನಿವಾರಣೆಯಾಗಿಬಿಟ್ಟರೆ ಶಾಸ್ತ್ರ ಬರೆಯುವವನ ಗತಿಯೇನು ಎಂಬ ಭಯದಿಂದ ಮಂಗಳಶ್ಲೋಕವನ್ನು ಕೈಬಿಡಲಾಗಿದೆ. ವಿಷಯ ಇಷ್ಟು: ಮೈಸೂರಿನ ಬೀದಿಯಲ್ಲಿ ಕರೆಂಟಿನ ಗಾಡಿ ನಿಂತುಬಿಟ್ಟರೆ ಅದನ್ನು ಎತ್ತುವವರು ಯಾರು, ಹೇಗೆ ಎತ್ತಬೇಕು, ಎತ್ತುವ ತನಕ ಅದರ ಯಜಮಾನ ಯಾವ ಮುಖ ಹೊತ್ತು ನಿಂತಿರಬೇಕು.

ಪೂರ್ವಸೂರಿಗಳನ್ನು ಕೇಳೋಣವೆಂದರೆ ದೂರ ಹೋಗಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಬೆಳಕಿಗೆ ಬಂದದ್ದೇ ನಮ್ಮೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಅಧ್ಯಕ್ಷರ ದಂಡೇ ಇದೆ: ಕುದುರೆಗೆ ಅಶ್ವಾಧ್ಯಕ್ಷ, ಆನೆಗೆ ಹಸ್ತ್ಯಧ್ಯಕ್ಷ, ರಥಕ್ಕೆ ರಥಾಧ್ಯಕ್ಷ, ಹೆಂಡಕ್ಕೆ ಸುರಾಧ್ಯಕ್ಷ. ನಿಂತ ರಥವನ್ನು ಎತ್ತಿ ಸಾಗಿಸುವ ಅಧ್ಯಕ್ಷ ಮಾತ್ರ ಇಲ್ಲ. ಹೆಂಡದಂಗಡಿಯ ಆಸನವ್ಯವಸ್ಥೆಯನ್ನೂ ಬಿಡದೆ ಬರೆದ ಮನುಷ್ಯ ಇದನ್ನು ಮರೆತನೆ? ಮರೆತಿಲ್ಲ, ಅವನಿಗೆ ಬೇಕಾಗಿರಲಿಲ್ಲ ಎಂಬುದು ಈ ಗ್ರಂಥಕಾರನ ಮತ. ಕುದುರೆಯ ಚಾರ್ಜ್ ಇಳಿದರೆ ದಾರಿ ಪಕ್ಕದ ಗರಿಕೆಯೇ ಚಾರ್ಜಿಂಗ್ ಪಾಯಿಂಟು. ಪ್ಲಗ್ಗು ಯಾವ ನಮೂನೆಯದು, ಆ್ಯಪ್ ಇಳಿಸಿಕೊಂಡಿದ್ದೀರಾ, ವ್ಯಾಲೆಟ್ಟಿನಲ್ಲಿ ದುಡ್ಡಿದೆಯಾ ಎಂದು ಹುಲ್ಲು ಕೇಳುವುದಿಲ್ಲ. ಅರಮನೆಯ ಆಸುಪಾಸಿನ ಟಾಂಗಾ ಕುದುರೆಗಳು ಈ ಸೌಲಭ್ಯವನ್ನು ಇಂದಿಗೂ ಅನುಭವಿಸುತ್ತಿವೆ.

ಇನ್ನು ವಿದ್ಯುತ್ತಿಗೂ ಮೈಸೂರಿಗೂ ಇರುವ ನಂಟು, ಅದು ತಡವಾಗಿ ಬರುವುದರ ನಂಟು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಹುಟ್ಟಿದ ಕೂಡಲೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಓಡಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಉರಿಯಿತು. ಅರಮನೆಯಿರುವ ಮೈಸೂರಿಗೆ ಬಂದದ್ದು 1908ರಲ್ಲಿ, ಮನೆಯ ಯಜಮಾನನಿಗೆ ಕಡೇ ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ. ‘ಗಾಡಿ ಇನ್ನು ನಲವತ್ತೈದು ನಿಮಿಷದಲ್ಲಿ ಬರುತ್ತೆ ಸರ್’ ಎಂಬ ಕಾಲ್ ಸೆಂಟರಿನ ವಾಕ್ಯವನ್ನು ಈ ಪರಂಪರೆಯ ಬೆಳಕಿನಲ್ಲಿ ಓದಿಕೊಳ್ಳಬೇಕು. ಸಿಟ್ಟು ಮಾಡಿಕೊಳ್ಳುವವರು ಚರಿತ್ರೆ ಓದದವರು.

ಗಾಡಿಯ ವಿಷಯದಲ್ಲಿ ನಾಡು ಹಿಂದೆ ಬಿದ್ದದ್ದೇನಲ್ಲ. ಬೆಂಗಳೂರಿನ ರೇವಾ ಕಾರು 2001ರಲ್ಲೇ ರಸ್ತೆಗಿಳಿದಿತ್ತು. ವಿದ್ಯುತ್ ವಾಹನಕ್ಕೆಂದು ದೇಶದಲ್ಲೇ ಮೊದಲು ನೀತಿ ಮಾಡಿದ ರಾಜ್ಯ ಕರ್ನಾಟಕ, 2017ರಲ್ಲಿ. ಮರುವರ್ಷ ಕೇಂದ್ರ ಸರ್ಕಾರ ಇಂಥ ಗಾಡಿಗಳಿಗೆ ಹಸಿರು ನಂಬರ್ ಪ್ಲೇಟ್ ಗೊತ್ತು ಮಾಡಿತು. ಇದರಿಂದ ಆದ ಮುಖ್ಯ ಉಪಕಾರವೆಂದರೆ, ನಿಂತಿರುವ ಗಾಡಿ ಯಾವ ಕುಲದ್ದೆಂದು ನೂರು ಹೆಜ್ಜೆ ದೂರದಿಂದಲೇ ತಿಳಿದು, ಉಪದೇಶ ಸಿದ್ಧಮಾಡಿಕೊಂಡು ಹತ್ತಿರ ಬರಲು ದಾರಿಹೋಕರಿಗೆ ಅನುಕೂಲವಾಯಿತು.

ಈಗ ಪೂರ್ವಪಕ್ಷ. ಪೆಟ್ರೋಲ್ ಪಂಥದವರು ಹೇಳುವುದು: ಗಾಡಿ ನಿಂತರೆ ನೀರಿನ ಬಾಟಲಿ ಹಿಡಿದು ಬಂಕಿಗೆ ಹೋಗಿ ಅರ್ಧ ಲೀಟರ್ ತಂದರಾಯಿತು, ಇದಕ್ಕೇನು ಮೀಮಾಂಸೆ? ಕರೆಂಟು ಬಾಟಲಿಯಲ್ಲಿ ಕೂರುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಈ ಪಂಥದ ಹಿರಿಯರೊಬ್ಬರು ಸರಸ್ವತಿಪುರಂ ಕಡೆ ವಾಕಿಂಗ್ ಮುಗಿಸಿ ಬರುವಾಗ ನಿಂತ ಎಲೆಕ್ಟ್ರಿಕ್ ಸ್ಕೂಟರ್ ಕಂಡರೆ, ‘ಸ್ವಲ್ಪ ಪಕ್ಕಕ್ಕೆ ವಾಲಿಸಿ ನೋಡಪ್ಪ’ ಎನ್ನದೆ ಮುಂದೆ ಹೋಗುವುದಿಲ್ಲ. ಬಜಾಜ್ ಯುಗದ ಈ ವಾಲಿಕೆಯಿಂದ ಟ್ಯಾಂಕಿನ ತಳದ ಪೆಟ್ರೋಲು ಕಾರ್ಬ್ಯುರೇಟರಿಗೆ ಇಳಿಯುತ್ತಿತ್ತು. ಲಿಥಿಯಂ ಬ್ಯಾಟರಿಯ ಸ್ಕೂಟರನ್ನು ವಾಲಿಸಿದರೆ ಡಿಕ್ಕಿಯಲ್ಲಿರುವ ಟಿಫಿನ್ ಕ್ಯಾರಿಯರ್‌ನ ಸಾರು ಮಾತ್ರ ಇಳಿಯುತ್ತದೆ. ಆದರೂ ವಾಲಿಸಬೇಕು. ಹಿರಿಯರು ಕಾಯುತ್ತಿರುತ್ತಾರೆ.

ಸಿದ್ಧಾಂತಿಗಳ ವಾದ ಮೋಟಾರಿನ ಹೊಟ್ಟೆಯಿಂದ ಶುರುವಾಗುತ್ತದೆ. ಬಹುಪಾಲು ಎಲೆಕ್ಟ್ರಿಕ್ ಕಾರುಗಳ ಮೋಟಾರಿನಲ್ಲಿ ಕಾಯಂ ಅಯಸ್ಕಾಂತ ಕೂತಿದೆ. ಪೆಟ್ರೋಲ್ ಕಾರನ್ನು ನ್ಯೂಟ್ರಲ್ಲಿಗೆ ತಂದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿಯುತ್ತದೆ. ಇಲ್ಲಿ ಡ್ಯಾಶ್‌ಬೋರ್ಡು ‘ಎನ್’ ಎಂದು ತೋರಿಸಿದರೂ ಸಂಬಂಧ ಕಡಿಯುವುದಿಲ್ಲ. ಚಕ್ರ ಉರುಳಿದರೆ ಮೋಟಾರು ತಿರುಗುತ್ತದೆ, ತಿರುಗಿದ ಮೋಟಾರು ಜನರೇಟರ್ ಆಗಿ ಕರೆಂಟು ಹುಟ್ಟಿಸುತ್ತದೆ, ಕೇಳುವವರಿಲ್ಲದ ಆ ಕರೆಂಟು ಇನ್ವರ್ಟರನ್ನು ಕಾಯಿಸಿ ಕೆಡಿಸಬಹುದು. ಆದ್ದರಿಂದ ಹಗ್ಗ ಕಟ್ಟಿ ದೂರ ಎಳೆದೊಯ್ಯುವ ಟೋಚನ್ ಪದ್ಧತಿ ಇಲ್ಲಿ ನಿಷಿದ್ಧ. ಮುಂದಿನೆರಡು ಚಕ್ರ ಎತ್ತಿ ಹಿಂದಿನೆರಡನ್ನು ಉರುಳಿಸುವ ಕ್ರೇನ್ ಪದ್ಧತಿ, ಮುಂದಿನ ಚಕ್ರಗಳಿಗೆ ಮೋಟಾರು ಜೋಡಿಸಿದ ಕಾರಿಗೆ ಹೇಗೋ ನಡೆದೀತು. ಹಿಂದಿನ ಚಕ್ರಕ್ಕೆ ಜೋಡಿಸಿದ್ದಾದರೆ ಎತ್ತಿದವನೂ ಕೆಟ್ಟ, ಯಜಮಾನನೂ ಕೆಟ್ಟ. ನಾಲ್ಕು ಚಕ್ರವೂ ನೆಲ ಬಿಟ್ಟು ಫ್ಲ್ಯಾಟ್‌ಬೆಡ್ ಲಾರಿಯ ಮೇಲೆ ಕೂರುವುದೇ ನಿರ್ದೋಷವಾದ ಮಾರ್ಗ. ಅಂದರೆ ಎಲೆಕ್ಟ್ರಿಕ್ ಕಾರು ಕೆಟ್ಟ ಮೇಲೆ ಅಂಬಾರಿಯಲ್ಲೇ ಹೋಗತಕ್ಕದ್ದು. ನಡೆದು ಹೋಗುವ ಕುಲವಲ್ಲ.

ಇದಕ್ಕಿಂತ ಗೂಢವಾದದ್ದು ಎರಡು ಬ್ಯಾಟರಿಗಳ ತತ್ತ್ವ. ಕಾರಿನ ತಳದಲ್ಲಿ ಮುನ್ನೂರು ನಾನೂರು ವೋಲ್ಟಿನ ದೊಡ್ಡ ಬ್ಯಾಟರಿ ಮಲಗಿದೆ, ಕಾರಿನ ಬೆಲೆಯ ದೊಡ್ಡ ಪಾಲು ಅದೇ. ಬಾನೆಟ್ಟಿನ ಕೆಳಗೆ ಮೂಲೆಯಲ್ಲಿ 12 ವೋಲ್ಟಿನ ಸಣ್ಣದೊಂದು ಬ್ಯಾಟರಿ, ಸ್ಟಾರ್ಟರ್ ಇರುವ ಯಾವ ಕಾರಿನಲ್ಲಾದರೂ ಕಾಣುವಂಥದ್ದು. ದೊಡ್ಡದನ್ನು ಮೋಟಾರಿಗೆ ಜೋಡಿಸುವ ರಿಲೇ ‘ಟಕ್’ ಎನ್ನಬೇಕಾದರೆ ಸಣ್ಣದರ ಅಪ್ಪಣೆ ಬೇಕು. ಸಣ್ಣದು ಸತ್ತರೆ, ದೊಡ್ಡದರಲ್ಲಿ ಬೆಂಗಳೂರು ಮುಟ್ಟುವಷ್ಟು ಚಾರ್ಜ್ ಇದ್ದರೂ ಕಾರು ಕದಲುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ಪಾರ್ಕಿಂಗ್ ಬ್ರೇಕೂ ಬಿಡುವುದಿಲ್ಲ. ಸಾಹೇಬರು ಸಹಿ ಹಾಕಲು ಕಾದಿದ್ದು, ಫೈಲು ತರುವ ಅಟೆಂಡರ್ ರಜೆ ಹಾಕಿದ ಸರ್ಕಾರಿ ಕಚೇರಿಗಳನ್ನು ಬಲ್ಲ ಮೈಸೂರಿಗರಿಗೆ ಈ ತತ್ತ್ವ ವಿವರಿಸಬೇಕಾಗಿಲ್ಲ. ತಮಾಷೆಯೆಂದರೆ ಈ ಅಟೆಂಡರನನ್ನು ಎಬ್ಬಿಸಲು ಪಕ್ಕದ ಪೆಟ್ರೋಲ್ ಕಾರಿನ ಬ್ಯಾಟರಿಯಿಂದ ಜಂಪರ್ ಕೇಬಲ್ ಹಾಕಿದರೆ ಬಹಳ ಸಲ ಸಾಕು. ಆದರೆ ಬಾನೆಟ್ ತೆರೆದ ಕೂಡಲೇ ಕಿತ್ತಳೆ ಬಣ್ಣದ ಕೇಬಲ್ಲುಗಳು ಕಾಣುತ್ತವೆ. ಅವು ಹೈ ವೋಲ್ಟೇಜಿನವು, ಮುಟ್ಟಬಾರದವು. ಮೂವತ್ತು ವರ್ಷ ಕಾರ್ಬ್ಯುರೇಟರ್ ಊದಿದ ಮೇಸ್ತ್ರಿ ಅದನ್ನು ನೋಡಿ, ಕೈ ಒರೆಸಿಕೊಂಡು, ‘ಕಂಪನಿಗೇ ಫೋನ್ ಮಾಡ್ಬಿಡಿ ಸಾರ್’ ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಈ ಶಾಸ್ತ್ರದಲ್ಲಿ ಅತ್ಯಂತ ಪ್ರಾಮಾಣಿಕವಾದ ವಾಕ್ಯ ಅದೇ.

ಇದೆಲ್ಲ ಕಾರಿನ ಮಾತಾಯಿತು. ಸ್ಕೂಟರಿಗೆ ಮೈಸೂರಿನಲ್ಲಿ ಶಿಷ್ಟಾಚಾರಸಮ್ಮತವಾದ ಪದ್ಧತಿ ‘ಕಾಲು ಕೊಡುವುದು’. ಬಲ್ಲಾಳ್ ಸರ್ಕಲ್ ಹತ್ತಿರ ಸ್ಕೂಟರ್ ನಿಂತಿದೆ ಎನ್ನಿ. ಗುರುತಿಲ್ಲದ ಹುಡುಗನೊಬ್ಬ ಪೆಟ್ರೋಲ್ ಗಾಡಿಯಲ್ಲಿ ಹಿಂದಿನಿಂದ ಬರುತ್ತಾನೆ. ‘ಚಾರ್ಜ್ ಖಾಲಿನಾ ಅಣ್ಣ? ಹತ್ತಿ ಕೂತ್ಕೊಳಿ’ ಎನ್ನುತ್ತಾನೆ. ತನ್ನ ಎಡಗಾಲನ್ನು ಚಾಚಿ ನಿಮ್ಮ ಗಾಡಿಯ ಹಿಂಬದಿಯ ಫುಟ್‌ರೆಸ್ಟಿಗೆ ಒತ್ತಿ ಆ್ಯಕ್ಸಿಲರೇಟರ್ ತಿರುಗಿಸುತ್ತಾನೆ. ಎರಡು ಗಾಡಿ, ಒಂದು ಎಂಜಿನ್, ಒಂದು ಹವಾಯಿ ಚಪ್ಪಲಿ. ಟೋಯಿಂಗ್ ಬಗ್ಗೆ 1989ರ ರಸ್ತೆ ನಿಯಮಾವಳಿ ವಿಧಿಸಿದ್ದನ್ನು ಇದಕ್ಕೆ ಹೋಲಿಸಿ ನೋಡಬಹುದು. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರವಿರಕೂಡದು ಎಂದಿತ್ತು. ಕಾಲು ಒಂದು ಮೀಟರಿಗಿಂತ ಉದ್ದವಿರುವುದು ಅಪರೂಪವಾದ್ದರಿಂದ ಬಾಧಕವಿಲ್ಲ. ವೇಗ ಗಂಟೆಗೆ 24 ಕಿಲೋಮೀಟರ್ ಮೀರಕೂಡದಿತ್ತು. 25 ಏಕಲ್ಲ ಎಂಬುದಕ್ಕೆ ಭಾಷ್ಯಕಾರರು ಸಿಕ್ಕಿಲ್ಲ, ಆದರೆ ಚಪ್ಪಲಿ ಜಾರುವ ವೇಗವೂ ಹೆಚ್ಚುಕಡಿಮೆ ಅದೇ. ಎಳೆಸಿಕೊಳ್ಳುವ ಗಾಡಿಯ ಹಿಂದೆ ಬಿಳಿಯ ಹಲಗೆಯ ಮೇಲೆ 75 ಮಿಲಿಮೀಟರ್ ಎತ್ತರದ ಕಪ್ಪಕ್ಷರದಲ್ಲಿ ‘ಆನ್ ಟೋ’ ಎಂದು ಬರೆದಿರಬೇಕು ಎಂದೂ ಇತ್ತು. ಕಾಲು ಕೊಡುವ ಪದ್ಧತಿಯಲ್ಲಿ ಈ ಹಲಗೆಯನ್ನು ಹುಡುಗನ ಬೆನ್ನಿಗೆ ಕಟ್ಟುವುದೋ ಮಂಡಿಗೆ ಕಟ್ಟುವುದೋ ಎಂಬಲ್ಲಿ ಶಾಸ್ತ್ರ ಮೌನವಾಗಿದೆ. ಅಪಾಯವಿದೆ, ನಿಜ, ಸಿಗ್ನಲ್ ಕೆಂಪಾದರೆ ನಿಮ್ಮ ಬ್ರೇಕು ಅವನ ಕಾಲಿಗೆ ತಿಳಿಯುವುದಿಲ್ಲ. ಹಾಗಾಗಿ ಈ ಗ್ರಂಥಕಾರ ಇದನ್ನು ವರ್ಣಿಸುತ್ತಾನೆಯೇ ಹೊರತು ವಿಧಿಸುವುದಿಲ್ಲ.

ಕಾಲೂ ಸಿಗದೆ ಫ್ಲ್ಯಾಟ್‌ಬೆಡ್ಡಿಗೆ ಕಾಯುವವರ ಸ್ಥಿತಿಯನ್ನು ಭರತಮುನಿ ಎಂಟು ನಾಯಿಕೆಯರ ರೂಪದಲ್ಲಿ ಮೊದಲೇ ವಿಂಗಡಿಸಿಟ್ಟಿದ್ದಾನೆ. ಎಲ್ಲಿಗೂ ಹೋಗುವುದಿಲ್ಲದಿದ್ದರೂ ಗಾಡಿಯನ್ನು ನೂರಕ್ಕೆ ನೂರು ತುಂಬಿಸಿ, ಒರೆಸಿ, ಪೋರ್ಟಿಕೋದಲ್ಲಿ ನಿಲ್ಲಿಸಿಕೊಂಡವನು ವಾಸಕಸಜ್ಜಿಕೆ. ರಾತ್ರಿ ಹತ್ತರ ಮೇಲೆ ಎ.ಸಿ. ಆರಿಸಿ, ಈಕೋ ಮೋಡಿನಲ್ಲಿ, ಯಾರಿಗೂ ಹೇಳದೆ ಹುಣಸೂರು ರಸ್ತೆಯ ಚಾರ್ಜರ್ ಹುಡುಕಿ ಹೊರಟವನು ಅಭಿಸಾರಿಕೆ. ಆ್ಯಪಿನಲ್ಲಿ ಹಸಿರು ಚುಕ್ಕೆ ಕಂಡು ಸಂಕೇತಸ್ಥಳ ಮುಟ್ಟಿದರೆ ಯಂತ್ರದ ಮೇಲೆ ಕೆಂಪು ದೀಪ, ಎದುರಿಗೆ ಅಡ್ಡ ನಿಲ್ಲಿಸಿದ ಡೀಸೆಲ್ ಜೀಪು: ಇವನು ವಿಪ್ರಲಬ್ಧೆ. ಚಾರ್ಜರ್ ಇದೆ, ನಡೆಯುತ್ತಿದೆ, ಆದರೆ ಅದರ ಗನ್ನು ಪರರ ಕಾರಿನಲ್ಲಿದೆ, ಆ ಪರರು ಸಿನಿಮಾ ನೋಡುತ್ತಿದ್ದಾರೆ. ಇದನ್ನು ಕಣ್ಣಾರೆ ಕಂಡವನು ಖಂಡಿತೆ, ಅವನ ಮಾತು ಅಚ್ಚಿಗೆ ಯೋಗ್ಯವಲ್ಲ. ಸಹಾಯವಾಣಿಯವಳು ಬಲ್ಲಾಳ್ ಸರ್ಕಲ್ಲಿನ ಪಿನ್‌ಕೋಡ್ ಕೇಳಿದಳೆಂದು ರೇಗಿ ಫೋನ್ ಕುಕ್ಕಿ, ಆಮೇಲೆ ಪಶ್ಚಾತ್ತಾಪದಿಂದ ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎಂಬಲ್ಲಿಂದ ಮತ್ತೆ ಶುರು ಮಾಡುವವನು ಕಲಹಾಂತರಿತೆ. ಬಿಡಿಭಾಗ ಬರಲೆಂದು ಗಾಡಿಯನ್ನು ಸರ್ವೀಸ್ ಸೆಂಟರಿನಲ್ಲಿ ಬಿಟ್ಟು ಬಸ್ಸಿನಲ್ಲಿ ಓಡಾಡುವವನು ಪ್ರೋಷಿತಪತಿಕೆ.

ಇವರೆಲ್ಲರಿಗಿಂತ ಕರುಣಾಜನಕ ವಿರಹೋತ್ಕಂಠಿತೆಯದು. ಲಾರಿ ಹೊರಟಿದೆಯೆಂದು ಮೊಬೈಲಿಗೆ ಲಿಂಕ್ ಬಂದಿದೆ. ನಕ್ಷೆಯ ಮೇಲೆ ಒಂದು ಚುಕ್ಕೆ. ಚುಕ್ಕೆ ಹಿನಕಲ್ ಫ್ಲೈಓವರ್ ಹತ್ತಿರ ಬರುತ್ತದೆ, ಎದೆ ಹಗುರಾಗುತ್ತದೆ. ನೋಡುತ್ತಿದ್ದ ಹಾಗೇ ಅದು ತಿರುಗಿ ಇಲವಾಲದ ಕಡೆ ಹೋಗುತ್ತದೆ. ಫೋನ್ ಮಾಡಿದರೆ ಡ್ರೈವರ್ ಟೀ ಕುಡಿಯುತ್ತಿದ್ದಾನೆ. ಅಷ್ಟರಲ್ಲಿ ಮೊಬೈಲಿನ ಚಾರ್ಜೂ ಮುಗಿಯುತ್ತದೆ. ಎಂಟನೆಯವಳು ಸ್ವಾಧೀನಪತಿಕೆ: ಸ್ವಂತ ಮನೆ, ಸ್ವಂತ ಪ್ಲಗ್ಗು, ರಿಂಗ್ ರೋಡ್ ದಾಟದ ಜೀವನ. ಲಕ್ಷಣಗ್ರಂಥ ಇಂಥವರನ್ನು ಹೆಚ್ಚು ವರ್ಣಿಸಬಾರದು, ದೃಷ್ಟಿಯಾಗುತ್ತದೆ.

ರೋಗ ವರ್ಣಿಸಿ ಔಷಧ ಹೇಳದಿದ್ದರೆ ಅದು ವಿಮರ್ಶೆಯಾದೀತು, ಶಾಸ್ತ್ರವಾಗದು. ಔಷಧ ನಮ್ಮ ಅರಮನೆಯಲ್ಲೇ ಇದೆ. ವಿಜಯದಶಮಿಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್ ನಡೆಯುತ್ತದೆ. ವಾರಗಟ್ಟಲೆ ಮೊದಲೇ ಮರಳು ಮೂಟೆ ಹೊರಿಸಿ ತಾಲೀಮು. ಇಷ್ಟಾದರೂ ಅದನ್ನು ಒಂಟಿಯಾಗಿ ಬಿಡುವುದಿಲ್ಲ. ಎಡಬಲಕ್ಕೆ ಎರಡು ಕುಮ್ಕಿ ಆನೆ. ಕಂಪನಿಗಳು ವರ್ಷಕ್ಕೆ ಇಷ್ಟೆಂದು ದುಡ್ಡು ಕಟ್ಟಿಸಿಕೊಂಡು ಮಾರುವ ರೋಡ್‌ಸೈಡ್ ಅಸಿಸ್ಟೆನ್ಸ್ ಎಂಬುದು ಈ ಕುಮ್ಕಿ ತತ್ತ್ವದ ಅಪಭ್ರಂಶ. ವ್ಯತ್ಯಾಸವೆಂದರೆ ಕುಮ್ಕಿ ಪಕ್ಕದಲ್ಲೇ ಇರುತ್ತದೆ, ಇಲವಾಲದಲ್ಲಿ ಟೀ ಕುಡಿಯುತ್ತಿರುವುದಿಲ್ಲ. ಸಾಮಾನ್ಯ ಪ್ರಜೆಗೆ ಸಿಗುವ ಕುಮ್ಕಿಯೆಂದರೆ ಟಾಟಾ ಏಸ್. ಜನ ಅದನ್ನು ಛೋಟಾ ಹಾಥಿ ಎಂದು ಕರೆಯುವುದು ಈ ಗ್ರಂಥಕಾರನ ವಾದಕ್ಕೆ ದೈವವೇ ಒದಗಿಸಿದ ಸಾಕ್ಷಿ. ಹಲಗೆಯೊಂದನ್ನು ಇಳಿಜಾರಾಗಿಟ್ಟು ಮೂವರು ಸ್ಕೂಟರನ್ನು ಮೇಲಕ್ಕೆ ತಳ್ಳುತ್ತಾರೆ, ಸೆಂಟರ್ ಸ್ಟ್ಯಾಂಡ್ ಹಾಕುತ್ತಾರೆ, ಹ್ಯಾಂಡಲ್ಲಿಗೂ ಸೀಟಿನ ಹಿಂದಿನ ಕಂಬಿಗೂ ಹಗ್ಗ ಬಿಗಿದು, ಬಣ್ಣ ಉಜ್ಜದ ಹಾಗೆ ನಡುವೆ ಗೋಣಿಚೀಲ ತುರುಕುತ್ತಾರೆ. ‘ಮಿರರ್ ಬಿಚ್ಚಿ ಇಟ್ಕೊಳಿ ಸಾರ್, ಆಮೇಲೆ ನಮ್ಮನ್ನ ಅನ್ಬೇಡಿ’ ಎನ್ನುತ್ತಾನೆ ಡ್ರೈವರ್. ಬಾಡಿಗೆ ಎಷ್ಟು ಎಂಬ ಪ್ರಶ್ನೆಗೆ ‘ನೋಡಿ ಕೊಡಿ’ ಎಂಬುದು ಉತ್ತರ. ಕೊಟ್ಟ ಮೇಲೆ ನೋಡುವವನು ಅವನು.

ಚಾಮುಂಡಿ ಬೆಟ್ಟದ ಬಗ್ಗೆ ಇರುವ ಅಪವಾದವನ್ನೂ ಇಲ್ಲೇ ಪರಿಹರಿಸುವುದು ಯುಕ್ತ. ಬೆಟ್ಟ ಹತ್ತಿಸಿದ್ದರಿಂದ ಗಾಡಿ ನಿಂತಿತು ಎನ್ನುವವರು ಲೆಕ್ಕ ಹಾಕಿ ನೋಡಬೇಕು. ಇಬ್ಬರು ಕೂತ ಸ್ಕೂಟರ್ ಸುಮಾರು 250 ಕಿಲೋ. ತಪ್ಪಲಿನಿಂದ ತುದಿಗೆ ಸುಮಾರು 300 ಮೀಟರ್ ಎತ್ತರ. ಇಷ್ಟು ಭಾರವನ್ನು ಅಷ್ಟು ಎತ್ತಲು ಬೇಕಾದದ್ದು ಒಂದು ಯೂನಿಟ್ಟಿನ ಐದನೇ ಒಂದು ಭಾಗ. ಗಾಳಿ, ಘರ್ಷಣೆ, ಮೋಟಾರಿನ ನಷ್ಟವೆಂದು ಅದನ್ನು ಇಮ್ಮಡಿ ಮಾಡಿದರೂ ಅರ್ಧ ಯೂನಿಟ್ ದಾಟದು. ಇಳಿಯುವಾಗ ಬ್ರೇಕಿನಿಂದ ಒಂದಿಷ್ಟು ವಾಪಸ್ಸು ಬರುವುದೂ ಉಂಟು. ನಿಂತದ್ದಕ್ಕೆ ಕಾರಣ ಬೆಟ್ಟವಲ್ಲ, ಮನೆ ಬಿಡುವಾಗ ಇದ್ದ ಶೇಕಡಾ 12. ತಾಯಿಯ ಮೇಲೆ ತಪ್ಪು ಹೊರಿಸಬಾರದು.

ಬೆಂಗಳೂರು ಎಕ್ಸ್‌ಪ್ರೆಸ್‌ವೇ ವಿಷಯ ಚಿಕ್ಕದು. 2023ರ ಆಗಸ್ಟ್ 1ರಿಂದ ಅಲ್ಲಿನ ಮುಖ್ಯ ಪಥಕ್ಕೆ ಬೈಕು, ಆಟೋಗಳಿಗೆ ಪ್ರವೇಶವಿಲ್ಲ, ಆದ್ದರಿಂದ ಸ್ಕೂಟರಿನವರು ಸರ್ವೀಸ್ ರಸ್ತೆಯಲ್ಲೇ ನಿಲ್ಲತಕ್ಕದ್ದು. ಕಾರಿನವರು ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಫೋನ್ ಮಾಡಿ, ಎಲೆಕ್ಟ್ರಿಕ್ ಗಾಡಿಯೆಂದು ಮೊದಲೇ ಹೇಳಿ, ಫ್ಲ್ಯಾಟ್‌ಬೆಡ್ಡೇ ಬೇಕೆಂದು ಹಟ ಹಿಡಿಯತಕ್ಕದ್ದು. ಕೊಕ್ಕೆಯ ಕ್ರೇನು ಬಂದರೆ ಮೇಲೆ ಹೇಳಿದ ಅಯಸ್ಕಾಂತದ ಪ್ರಕರಣವನ್ನು ಡ್ರೈವರಿಗೆ ಓದಿ ಹೇಳಬಹುದು.

ವಾಚಕರಲ್ಲಿ ಒಂದು ಅರಿಕೆ ಉಳಿದಿದೆ. ಬಿಸಿಲಿನಲ್ಲಿ ಹಸಿರು ಪ್ಲೇಟಿನ ಸ್ಕೂಟರನ್ನು ತಳ್ಳಿಕೊಂಡು ಹೋಗುವ ಯಾರನ್ನಾದರೂ ಕಂಡರೆ, ಗಾಡಿ ನಿಧಾನಿಸಿ ‘ಎಷ್ಟು ಕೊಡುತ್ತೆ ಸಾರ್, ಒಂದು ಚಾರ್ಜಿಗೆ?’ ಎಂದು ಕೇಳಬೇಡಿ. ಎಷ್ಟು ಕೊಟ್ಟಿತು ಎಂಬುದು ಕಣ್ಣೆದುರೇ ಇದೆ. ಮನೆ ಹತ್ತಿರದಲ್ಲಿದ್ದರೆ ಗೇಟು ತೆಗೆದು, ಪ್ಲಗ್ ಪಾಯಿಂಟ್ ತೋರಿಸಿ, ಒಂದು ಲೋಟ ನೀರು ಕೊಡಿ. ಅರ್ಧ ಗಂಟೆಯ ಕರೆಂಟಿಗೆ ಬಿಲ್ಲಿನಲ್ಲಿ ಹತ್ತು ರೂಪಾಯಿ ಹೆಚ್ಚಾಗುವುದೂ ಅನುಮಾನ.